ಜುಲೈ ಪೂರ್ತಿ ದಿನಕ್ಕೊಂದು ಜಲವರ್ಣ: ಎರಡನೇ ವಾರಕ್ಕೆ ಕೈಬಿಡದೆ ಮುಗಿಸೋದು ಹೇಗೆ

ಪ್ರತಿ ಜುಲೈನಲ್ಲೂ ಇದೇ ಕತೆ. ದಿನಕ್ಕೊಂದು ಜಲವರ್ಣ ಬರೆದು ಆನ್‌ಲೈನಲ್ಲಿ ಹಾಕುವ ಸವಾಲಿಗೆ ಒಂದನೇ ತಾರೀಕು ಎಲ್ಲರೂ "ದಿನ 1" ಅಂತ ಚಿತ್ರ ಹಾಕುತ್ತಾರೆ. ಐದಾರು ದಿನ ಜೋರು. ಎರಡನೇ ವಾರ ಬರುವಷ್ಟರಲ್ಲಿ ಬಹಳ ಜನ ನಾಪತ್ತೆ. ಕೇಳಿದರೆ ಟೈಮೇ ಸಿಗಲಿಲ್ಲ ಅನ್ನುತ್ತಾರೆ. ಸ್ವಲ್ಪ ಕೆದಕಿದರೆ ಬೇರೆ ವಿಷಯ ಹೊರಗೆ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಏನು ಬರೆಯೋದು ಅಂತ ಯೋಚಿಸುತ್ತಾ ಕೂತರು, ಪಿಂಟರೆಸ್ಟ್ ತಿರುವುತ್ತಾ ಅರ್ಧ ಗಂಟೆ ಹೋಯಿತು, ದೊಡ್ಡ ಹಾಳೆ ತುಂಬಿಸಲು ಹೊರಟರು, ಮಳೆಗಾಲದ ಥಂಡಿಗೆ ಬಣ್ಣ ಒಣಗಲೇ ಇಲ್ಲ, ಟ್ಯೂಬ್‌ಲೈಟ್ ಕೆಳಗೆ ಫೋಟೋ ತೆಗೆದರೆ ಬಿಳಿ ಹಾಳೆ ಬೂದಿ ಬಣ್ಣಕ್ಕೆ ತಿರುಗಿತು, ಹನ್ನೆರಡರೊಳಗೆ ಹಾಕಲೇಬೇಕು ಅಂತ ಹಾಗೇ ಹಾಕಿದರು, ನಾಲ್ಕು ಲೈಕ್ ಬಿತ್ತು. ಇಂಥ ಮೂರು ರಾತ್ರಿ ಆದರೆ ಯಾರಾದರೂ ಬಿಟ್ಟುಬಿಡುತ್ತಾರೆ, ಅಲ್ವಾ?

ಆದ್ದರಿಂದ ಇಲ್ಲಿ ಚಿತ್ರಕಲೆಯ ಪಾಠಕ್ಕಿಂತ ಜಾಸ್ತಿ ಕೆಲಸದ ಕ್ರಮ ಇದೆ. ಅದರಲ್ಲೂ ಒಂದು ಮಾತು ಮುಖ್ಯ: ಇವತ್ತು ಬರೆದದ್ದನ್ನು ಇವತ್ತೇ ಹಾಕಬೇಡಿ, ನಾಳೆ ಬೆಳಿಗ್ಗೆ ಹಾಕಿ. ಮೇಲಿನ ಅರ್ಧ ತೊಂದರೆ ಅಷ್ಟಕ್ಕೇ ಹೋಗುತ್ತದೆ. ಹೇಗೆ ಅಂತ ಮುಂದೆ ಗೊತ್ತಾಗುತ್ತದೆ.

ಜುಲೈನ ಈ ಸವಾಲಿಗೆ ವರ್ಲ್ಡ್ ವಾಟರ್‌ಕಲರ್ ಮಂತ್ ಅಂತ ಹೆಸರು. 2016ರಲ್ಲಿ ಅಮೆರಿಕದ ಚಾರ್ಲಿ ಓಶೀಲ್ಡ್ಸ್ ಶುರು ಮಾಡಿದ್ದು. ತಿಂಗಳಿಗೆ 31 ದಿನ, 31 ಚಿತ್ರ. ಅವರು ದಿನಕ್ಕೊಂದು ವಿಷಯ ಕೊಡುತ್ತಾರೆ, ಬೇಕಾದರೆ ತಗೊಳ್ಳಬಹುದು, ಬೇಡವಾದರೆ ನಿಮ್ಮದೇ ವಿಷಯ. ಅಕ್ಟೋಬರ್‌ನಲ್ಲಿ ಶಾಯಿಯಲ್ಲಿ ಬರೆಯುವ ಇಂಕ್ಟೋಬರ್‌ಗೂ ಈ ಕ್ರಮವೇ ನಡೆಯುತ್ತದೆ, ಒಣಗಿಸುವ ರಗಳೆ ಅಲ್ಲಿ ಕಡಿಮೆ ಅಷ್ಟೆ.

## ಹಂತ 1: ಜೂನ್ ಕೊನೆ ವಾರ ಹಾಳೆ ಕತ್ತರಿಸಿ ಇಡಿ

ದಿನಾ ಹಾಳೆ ಹುಡುಕುವ ಕೆಲಸ ಇರಬಾರದು. ಕಲಾ ಸಾಮಗ್ರಿ ಅಂಗಡಿಯಲ್ಲಿ 22×30 ಇಂಚಿನ ಪೂರ್ತಿ ಶೀಟ್ ಸಿಗುತ್ತದೆ. 300 ಜಿಎಸ್‌ಎಂ (ಹಾಳೆಯ ತೂಕದ ಅಳತೆ, ಜಾಸ್ತಿ ಇದ್ದಷ್ಟೂ ದಪ್ಪ), ಕೋಲ್ಡ್ ಪ್ರೆಸ್ಡ್ (ತುಸು ತರಿ ತರಿ ಮೈ) ಅಂತಲೇ ಕೇಳಿ. ಎರಡು ಶೀಟ್ ತನ್ನಿ. ಉದ್ದವನ್ನು ನಾಲ್ಕು ಭಾಗ, ಅಗಲವನ್ನು ನಾಲ್ಕು ಭಾಗ ಮಾಡಿದರೆ ಒಂದು ಶೀಟಿಗೆ 5.5×7.5 ಇಂಚಿನ 16 ತುಂಡು ಬರುತ್ತವೆ. ಎರಡಕ್ಕೆ 32. ಇಡೀ ತಿಂಗಳಿಗೆ 31, ಬಣ್ಣ ಪರೀಕ್ಷೆಗೆ ಒಂದು. ಸ್ಟೀಲ್ ಸ್ಕೇಲು ಮತ್ತು ಹೊಸ ಬ್ಲೇಡ್ ಹಾಕಿದ ಕಟರ್ ಬಳಸಿ. ಮೊಂಡ ಬ್ಲೇಡ್ ಆದರೆ ಅಂಚು ನಾರು ನಾರಾಗಿ ಏಳುತ್ತದೆ.

ಪೂರ್ತಿ ಶೀಟ್ ಸಿಗದ ಊರಾದರೆ 300 ಜಿಎಸ್‌ಎಂ ಎ4 ಹಾಳೆ 16 ತಗೊಂಡು ಅರ್ಧರ್ಧ ಮಾಡಿ. ಅಲ್ಲೂ 32 ಆಯಿತು.

ಹಾಳೆಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ದುಡ್ಡು ಉಳಿಸಬೇಕು ಅಂದರೆ ಬಣ್ಣದಲ್ಲಿ ಉಳಿಸಿ. ಶಾಲೆಯ ಡ್ರಾಯಿಂಗ್ ಪುಸ್ತಕದ ತೆಳು ಹಾಳೆ ನೀರು ಬಿದ್ದ ತಕ್ಷಣ ಉಬ್ಬುತ್ತದೆ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ, ನೀವು ನಿಮ್ಮ ಕೈಯನ್ನೇ ಬೈದುಕೊಳ್ಳುತ್ತೀರಿ. ನೂರಕ್ಕೆ ನೂರು ಹತ್ತಿಯ ಹಾಳೆ ನೀರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಮೇಲೆ ಮೇಲೆ ಬಣ್ಣ ಹಚ್ಚಿದರೂ ತಡೆಯುತ್ತದೆ. ಬೆಲೆ ಜಾಸ್ತಿ, ನಿಜ. ಆದರೆ ಬೇಕಿರೋದು ಎರಡೇ ಶೀಟ್.

ಮಲೆನಾಡು, ಕರಾವಳಿಯವರಿಗೆ ಒಂದು ಎಚ್ಚರಿಕೆ. ಜಲವರ್ಣದ ಹಾಳೆಗೆ ಬಣ್ಣ ಒಳಗೆ ಇಂಗದ ಹಾಗೆ ಒಂದು ಅಂಟಿನ ಲೇಪ ಇರುತ್ತದೆ. ಥಂಡಿಗೆ ಈ ಲೇಪ ಹಾಳಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಬಣ್ಣ ಹಚ್ಚಿದಾಗ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಗಾಢ ಚುಕ್ಕೆ ಬಿದ್ದರೆ ಹಾಳೆ ಕೆಟ್ಟಿದೆ ಅಂತಲೇ ಅರ್ಥ. ಕತ್ತರಿಸಿದ ತಕ್ಷಣ ತುಂಡುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಒಳಗೆ ಇಟ್ಟು, ಬಾಯಿ ಮುಚ್ಚಿ ಕಬ್ಬಿಣದ ಬೀರುವಿನಲ್ಲಿಡಿ. ನೆಲದ ಮೇಲೆ, ಗೋಡೆಗೆ ಒರಗಿಸಿ ಇಡಬೇಡಿ.

## ಹಂತ 2: ಬಣ್ಣ ಆರೇ ಸಾಕು, ರಟ್ಟು ಮಾತ್ರ ಎರಡು

24 ಬಣ್ಣದ ಡಬ್ಬ ನೋಡಿದರೆ ಆಸೆ ಆಗುತ್ತದೆ. ಬೇಡ. ಬಣ್ಣ ಜಾಸ್ತಿ ಇದ್ದಷ್ಟೂ ಆರಿಸುವುದರಲ್ಲೇ ಹೊತ್ತು ಹೋಗುತ್ತದೆ. ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಪರ್ಮನೆಂಟ್ ರೋಸ್, ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಬ್ಲೂ, ಬರ್ಂಟ್ ಸಿಯೆನ್ನಾ. ಇಷ್ಟರಲ್ಲಿ ಎಲ್ಲ ಬರುತ್ತದೆ. ಕಪ್ಪು ಟ್ಯೂಬನ್ನು ಪೆಟ್ಟಿಗೆಯಲ್ಲೇ ಬಿಡಿ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಬೆರೆಸಿದರೆ ಮೋಡದ ಬೂದಿಯಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೆ ಸಿಗುತ್ತದೆ, ಅದು ಟ್ಯೂಬಿನ ಕಪ್ಪಿನಷ್ಟು ಸತ್ತ ಬಣ್ಣವೂ ಅಲ್ಲ.

ರೋಸ್ ಬದಲು ಹಳೇ ಅಲಿಜರಿನ್ ಕ್ರಿಮ್ಸನ್ ಇದ್ದರೆ ಟ್ಯೂಬಿನ ಹಿಂದೆ ಪಿಆರ್ 83 ಅನ್ನುವ ಬಣ್ಣದ ಸಂಕೇತ ಇದೆಯಾ ನೋಡಿ. ಆ ಬಣ್ಣ ಬೆಳಕಿಗೆ ಮಾಸುತ್ತದೆ. ಅಭ್ಯಾಸಕ್ಕೆ ಅಡ್ಡಿ ಇಲ್ಲ, ಯಾರಿಗಾದರೂ ಮಾರುವ ಚಿತ್ರಕ್ಕೆ ಬೇಡ.

ಬ್ರಶ್ ಎರಡು: 8ನೇ ನಂಬರಿನ ರೌಂಡ್ (ಚೂಪು ತುದಿಯ ದುಂಡು ಬ್ರಶ್), 4ನೇ ನಂಬರಿನ ರೌಂಡ್. ಆಕಾಶ, ಗೋಡೆ ಬಳಿಯಲು ಅರ್ಧ ಇಂಚಿನ ಫ್ಲಾಟ್ (ಚಪ್ಪಟೆ ಬ್ರಶ್) ಇದ್ದರೆ ಒಳ್ಳೆಯದು. ನೀರಿಗೆ ಎರಡು ಲೋಟ. ಒಂದು ತೊಳೆಯಲು, ಇನ್ನೊಂದು ಬಣ್ಣಕ್ಕೆ ಸೇರಿಸಲು. ಕುಡಿಯುವ ಚಹಾ ಲೋಟ ದೂರ ಇಡಿ, ನಗಬೇಡಿ, ಅದರಲ್ಲೇ ಬ್ರಶ್ ಅದ್ದುವವರು ಬಹಳ ಇದ್ದಾರೆ. ಒರೆಸಲು ಹಳೇ ಬನಿಯನ್ ಬಟ್ಟೆ, ಟಿಶ್ಯೂಗಿಂತ ಚೆನ್ನಾಗಿ ನೀರು ಹೀರುತ್ತದೆ. ಕೆಲಸ ಮುಗಿದ ಮೇಲೆ ಬ್ರಶ್ ನೀರಿನಲ್ಲಿ ನಿಲ್ಲಿಸಿ ಹೋಗಬೇಡಿ. ತುದಿ ಬಾಗಿದರೆ ಮತ್ತೆ ನೆಟ್ಟಗಾಗುವುದು ಕಷ್ಟ. ತೊಳೆದು ಅಡ್ಡ ಮಲಗಿಸಿ.

ಇನ್ನು ರಟ್ಟು. ಪರೀಕ್ಷೆಗೆ ಒಯ್ಯುವ ಎಕ್ಸಾಮ್ ಪ್ಯಾಡ್ ಎರಡು ಬೇಕು. ಒಂದರ ಮೇಲೆ ಇವತ್ತಿನ ಚಿತ್ರ ಒಣಗುತ್ತಿರುತ್ತದೆ, ಇನ್ನೊಂದರ ಮೇಲೆ ನಾಳೆಯ ಹಾಳೆ. ಒಂದೇ ಇದ್ದರೆ ಒದ್ದೆ ಹಾಳೆಯ ಟೇಪ್ ಕೀಳಬೇಕಾಗುತ್ತದೆ. ಹಾಳೆ ಹರಿಯುವುದು ಆವಾಗಲೇ.

ಟ್ಯೂಬ್ ಬಣ್ಣವನ್ನು ಜುಲೈಗೆ ನಾಲ್ಕೈದು ದಿನ ಮುಂಚೆಯೇ ಪ್ಯಾಲೆಟ್‌ಗೆ ಹಿಂಡಿಡಿ. ಬೇಸಿಗೆಯಲ್ಲಿ ರಾತ್ರಿ ಕಳೆಯುವುದರೊಳಗೆ ಗಟ್ಟಿ ಆಗುವ ಬಣ್ಣ ಮಳೆಗಾಲದಲ್ಲಿ ಎರಡು ಮೂರು ದಿನ ಅಂಟಂಟಾಗಿಯೇ ಇರುತ್ತದೆ. ಮುಚ್ಚಳ ಹಾಕಿಟ್ಟರೆ ಬೂಸು ಬರುತ್ತದೆ. ಫ್ಯಾನ್ ಕೆಳಗೆ ತೆರೆದಿಡಿ.

## ಹಂತ 3: ವಿಷಯದ ಪಟ್ಟಿ ಮೊದಲೇ ಬರೆಯಿರಿ

31 ಸಾಲು ಬರೆದು ಗೋಡೆಗೆ ಅಂಟಿಸಿ. "ಪ್ರಕೃತಿ", "ನೆನಪು", "ಸಂತೋಷ" ಅಂತೆಲ್ಲ ಬರೆದರೆ ಆ ದಿನ ಮತ್ತೆ ಯೋಚಿಸಬೇಕು. ಎದುರಿಗೆ ಇಟ್ಟು ನೋಡಬಹುದಾದ ವಸ್ತುವನ್ನೇ ಬರೆಯಿರಿ. ಹಿತ್ತಲಿನ ದಾಸವಾಳ. ಬಾಗಿಲ ಹೊರಗೆ ಬಿಟ್ಟ ಒದ್ದೆ ಚಪ್ಪಲಿ. ಅರ್ಧ ಮಡಚಿದ ಕೊಡೆ. ಸ್ಟೀಲ್ ಲೋಟ. ಎರಡು ಬೆಂಡೆಕಾಯಿ. ಹಲಸಿನ ತೊಳೆ. ಪಕ್ಕದ ಮನೆಯ ಹೆಂಚು. ಬಸ್‌ಸ್ಟಾಪಿನ ಕಲ್ಲುಬೆಂಚು.

ಪಟ್ಟಿಯಲ್ಲಿ ಮುಖದ ಚಿತ್ರ ಮೂರಕ್ಕಿಂತ ಜಾಸ್ತಿ ಬೇಡ, ಅದೂ ಭಾನುವಾರಕ್ಕೆ. ಪ್ರತಿ ವಾರ ಒಂದು ಪುಕ್ಕಟೆ ದಿನ ಇರಲಿ: ಒಂದೇ ಬಣ್ಣ, ಒಂದೇ ವಸ್ತು, ಕಾಲು ಗಂಟೆ. ಬುಧವಾರವೋ ಗುರುವಾರವೋ, ನಿಮಗೆ ಕೆಲಸ ಹೆಚ್ಚಿರುವ ದಿನಕ್ಕೆ ಅದನ್ನು ಹಾಕಿ.

ಬೇರೆಯವರ ಫೋಟೋ ನೋಡಿ ಬರೆಯುವ ಬಗ್ಗೆ ಕೇಳುವವರು ಬಹಳ. ಅಭ್ಯಾಸಕ್ಕೆ ಮನೆಯಲ್ಲಿ ಏನು ಬೇಕಾದರೂ ನೋಡಿ ಬರೆಯಿರಿ. ಆನ್‌ಲೈನಲ್ಲಿ ಹಾಕುವಾಗ ಮಾತು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರದ ಹಕ್ಕು ಬರೆದವರಿಗೆ ತಾನಾಗಿಯೇ ಬರುತ್ತದೆ, ನೋಂದಣಿ ಬೇಕಿಲ್ಲ, ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ಹಾಗಾಗಿ 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರ ನಕಲು ಮಾಡಿ ಹಾಕಿದರೆ ತೊಂದರೆ ಇಲ್ಲ, 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರದ್ದಕ್ಕೆ ಹಕ್ಕು ಇನ್ನೂ ಇದೆ. ಈಗಿನವರ ಫೋಟೋ ಆದರೆ ಒಂದು ಮೆಸೇಜ್ ಹಾಕಿ ಕೇಳಿ. ಬಹಳ ಜನ ಹೂಂ ಅನ್ನುತ್ತಾರೆ. ಹೆಸರು ಹಾಕುವುದು ಅನುಮತಿಗೆ ಬದಲಿ ಅಲ್ಲ, ಎರಡೂ ಬೇಕು.

## ಹಂತ 4: 40 ನಿಮಿಷಕ್ಕೆ ಅಲಾರಾಂ ಇಟ್ಟು ಕೂರಿ

ಹೊತ್ತು ಯಾವಾಗಲಾದರೂ ಆಗಲಿ, ದಿನಾ ಒಂದೇ ಹೊತ್ತಾಗಿರಲಿ. ಊಟ ಆದ ಮೇಲೆ ಅಂತ ಇಟ್ಟುಕೊಂಡರೆ ನಿದ್ದೆ ಗೆಲ್ಲುತ್ತದೆ, ಊಟಕ್ಕೆ ಮುಂಚೆ ಒಳ್ಳೆಯದು. ಒಂದು ಚಿತ್ರ ಪೂರ್ತಿ ಹೇಗೆ ಸಾಗುತ್ತದೆ ಅಂತ ನೋಡೋಣ. ವಿಷಯ, ಒಂದು ನೇರಳೆ ಬದನೆಕಾಯಿ.

ಹಾಳೆಯ ನಾಲ್ಕೂ ಅಂಚನ್ನು ಕಾಲು ಇಂಚು ಮಾಸ್ಕಿಂಗ್ ಟೇಪಿನಿಂದ ರಟ್ಟಿಗೆ ಅಂಟಿಸಿ, ಉಗುರಿನಿಂದ ಟೇಪಿನ ಒಳ ಅಂಚು ಉಜ್ಜಿ. ಬದನೆಯನ್ನು ಟೇಬಲ್ ಲ್ಯಾಂಪ್ ಪಕ್ಕ ಇಡಿ, ಬೆಳಕು ಒಂದೇ ಕಡೆಯಿಂದ ಬರಲಿ. ಎಚ್‌ಬಿ ಪೆನ್ಸಿಲಿನಲ್ಲಿ ಹಗುರವಾಗಿ ಹೊರಗೆರೆ, ತೊಟ್ಟು, ನೆರಳಿನ ಅಂಚು. ಮೈಮೇಲೆ ಬಿಳಿ ಹೊಳಪು ಎಲ್ಲಿ ಕೂತಿದೆಯೋ ಅದರ ಸುತ್ತಲೂ ಒಂದು ಗೆರೆ, ಯಾಕೆಂದರೆ ಜಲವರ್ಣದಲ್ಲಿ ಬಿಳಿ ಅಂದರೆ ಖಾಲಿ ಬಿಟ್ಟ ಹಾಳೆ. ಇಷ್ಟಕ್ಕೆ ಐದು ನಿಮಿಷ. ಇದಕ್ಕಿಂತ ಜಾಸ್ತಿ ರಬ್ಬರ್ ಉಜ್ಜಿದರೆ ಹಾಳೆಯ ಮೈ ಸವೆಯುತ್ತದೆ.

ಅಲ್ಟ್ರಾಮರೀನ್‌ಗೆ ರೋಸ್ ಸೇರಿಸಿ ನೇರಳೆ ಮಾಡಿ. ಒಂದು ಗುಂಡಿ ತುಂಬ ಮಾಡಿಕೊಳ್ಳಿ, ಮಧ್ಯದಲ್ಲಿ ಬಣ್ಣ ಖಾಲಿಯಾದರೆ ಅದೇ ನೇರಳೆ ಮತ್ತೆ ಬರುವುದಿಲ್ಲ. ಕಣ್ಣಿಗೆ ಸರಿ ಅನಿಸಿದ್ದಕ್ಕಿಂತ ತುಸು ಗಾಢ ಇರಲಿ, ಒಣಗಿದ ಮೇಲೆ ಬಣ್ಣ ಪೇಲವ ಆಗುತ್ತದೆ. 8ನೇ ನಂಬರ್ ಬ್ರಶ್ಶಿನಲ್ಲಿ ಹೊಳಪು ಬಿಟ್ಟು ಇಡೀ ಮೈಗೆ ಒಂದೇ ಸಲ ಹಚ್ಚಿ. ಇನ್ನೂ ಮಿರಮಿರ ಅನ್ನುತ್ತಿರುವಾಗಲೇ ನೆರಳಿನ ಬದಿಗೆ ಗಟ್ಟಿ ಬಣ್ಣ ಮುಟ್ಟಿಸಿ. ತಾನಾಗಿ ಒಳಕ್ಕೆ ಹರಿಯುತ್ತದೆ. ಈಗ ಬ್ರಶ್ ಕೆಳಗಿಡಿ.

ಕಷ್ಟ ಇರೋದು ಇಲ್ಲಿಯೇ. ಸುಮ್ನೆ ಇರೋಕೆ ಆಗಲ್ಲ. ಹಾಳೆಯ ಮಿರುಗು ಹೋಗಿದೆ, ಆದರೆ ಪೂರ್ತಿ ಒಣಗಿಲ್ಲ ಅನ್ನುವ ಹೊತ್ತಿನಲ್ಲಿ ಒದ್ದೆ ಬ್ರಶ್ ಮುಟ್ಟಿಸಿದರೆ ನೀರು ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನ ಆಕಾರದ ಕಲೆ ಬೀಳುತ್ತದೆ. ಆ ಹೊತ್ತಿನಲ್ಲಿ ನಾಳೆಯ ಹಾಳೆಯನ್ನು ಇನ್ನೊಂದು ರಟ್ಟಿಗೆ ಅಂಟಿಸಿ. ಕೈಗೂ ಕೆಲಸ, ನಾಳೆಗೂ ಅನುಕೂಲ. ಒಣಗಿತಾ ಅಂತ ನೋಡಲು ಬೆರಳಿನ ಹಿಂಬದಿಯನ್ನು ಹಗುರವಾಗಿ ಮುಟ್ಟಿಸಿ. ತಣ್ಣಗಿದ್ದರೆ ಇನ್ನೂ ನೀರಿದೆ.

ಆಮೇಲೆ ತೊಟ್ಟು. ಲೆಮನ್ ಯೆಲ್ಲೋ, ಅಲ್ಟ್ರಾಮರೀನ್, ಚೂರು ಸಿಯೆನ್ನಾ. ಕೊನೆಗೆ ಕೆಳಗಿನ ನೆರಳು: ಅಲ್ಟ್ರಾಮರೀನ್ ಮತ್ತು ಸಿಯೆನ್ನಾ, ಬದನೆ ನೆಲಕ್ಕೆ ತಾಗುವ ಕಡೆ ಗಾಢ, ದೂರ ಹೋದ ಹಾಗೆ ತೆಳು. ಅಲಾರಾಂ ಹೊಡೆದರೆ ಎದ್ದುಬಿಡಿ. ಹಿನ್ನೆಲೆ ಬಾಕಿ ಇದ್ದರೆ ಬಾಕಿಯೇ ಇರಲಿ.

ಇನ್ನೆರಡು ಸೂಚನೆ ಕಣ್ಣಿಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಹಾಳೆ ಮೇಲೆ ಸಣ್ಣ ಸಣ್ಣ ಉಂಡೆ ಎದ್ದರೆ ಉಜ್ಜಿದ್ದು ಜಾಸ್ತಿಯಾಯಿತು, ಇನ್ನು ಮುಟ್ಟಿದರೆ ತೂತೇ. ಬಣ್ಣ ಕೆಸರಿನ ಹಾಗೆ ಕಂಡರೆ ಮೂರಕ್ಕಿಂತ ಜಾಸ್ತಿ ಬಣ್ಣ ಬೆರೆತಿವೆ, ಇಲ್ಲವೇ ತೊಳೆಯುವ ನೀರು ಗಲೀಜಾಗಿದೆ. ನೀರು ಬದಲಿಸಿ.

## ಹಂತ 5: ರಾತ್ರಿಯಿಡೀ ಒಣಗಲಿ

ಚಿತ್ರವನ್ನು ರಟ್ಟಿನ ಸಮೇತ ಮಟ್ಟಸವಾದ ಜಾಗದಲ್ಲಿ ಮಲಗಿಸಿಡಿ. ಓರೆ ಇಟ್ಟರೆ ಉಳಿದ ನೀರು ಒಂದು ಅಂಚಿಗೆ ಹೋಗಿ ಗೆರೆ ಕಟ್ಟುತ್ತದೆ. ಒಲೆ ಹತ್ತಿರ ಒಣಗಿಸುವ ಸಾಹಸ ಬೇಡ. ಹೇರ್ ಡ್ರೈಯರ್ ಬಳಸುವುದಾದರೆ ಒಂದು ಅಡಿ ದೂರದಿಂದ, ಅದೂ ನೀರು ಹರಿಯುವುದು ನಿಂತ ಮೇಲೆ. ಇಲ್ಲದಿದ್ದರೆ ಗಾಳಿಗೆ ಬಣ್ಣ ಎತ್ತೆತ್ತಲೋ ಓಡುತ್ತದೆ.

ಟೇಪ್ ಕೀಳುವುದು ಬೆಳಿಗ್ಗೆ. ಡ್ರೈಯರ್ ಇದ್ದರೆ ಟೇಪನ್ನು ಸ್ವಲ್ಪ ಬಿಸಿ ಮಾಡಿ, ಅಂಟು ಸಡಿಲ ಆಗುತ್ತದೆ. ಮೇಲಕ್ಕೆ ಎತ್ತಬೇಡಿ. ಚಿತ್ರದಿಂದ ಹೊರಕ್ಕೆ, ಓರೆಯಾಗಿ, ಹಾಳೆಗೆ ಒತ್ತಿದ ಹಾಗೆ ನಿಧಾನ ಎಳೆಯಿರಿ. ಹೊಸ ಟೇಪ್ ತುಂಬಾ ಅಂಟು ಅನಿಸಿದರೆ ಮೊದಲು ಪ್ಯಾಂಟಿಗೆ ಒಮ್ಮೆ ಅಂಟಿಸಿ ಕಿತ್ತು ಆಮೇಲೆ ಹಾಳೆಗೆ ಹಾಕಿ.

## ಹಂತ 6: ಬೆಳಿಗ್ಗೆ ಕಿಟಕಿ ಪಕ್ಕ ಫೋಟೋ

ಒಂದು ದಿನ ತಡ ಮಾಡಿ ಹಾಕಿ ಅಂದದ್ದು ಇದಕ್ಕೇ. ರಾತ್ರಿಯ ದೀಪದಲ್ಲಿ ಎಂಥ ಫೋನ್ ಆದರೂ ಬಣ್ಣ ಸುಳ್ಳು ಹೇಳುತ್ತದೆ. ಮಳೆಗಾಲದ ಮೋಡದ ಬೆಳಕು ಮಾತ್ರ ಫೋಟೋಕ್ಕೆ ಬಂಗಾರ, ಎಲ್ಲ ಕಡೆ ಸಮ ಬೀಳುತ್ತದೆ. ನೇರ ಬಿಸಿಲು ಬೇಡ, ಹಾಳೆಯ ತರಿ ತರಿ ಎದ್ದು ಕಾಣುತ್ತದೆ. ಫ್ಲಾಶ್ ಬೇಡವೇ ಬೇಡ. ಕೋಣೆಯ ದೀಪವನ್ನೂ ಆರಿಸಿ, ಎರಡು ಥರದ ಬೆಳಕು ಸೇರಿದರೆ ಅರ್ಧ ಚಿತ್ರ ನೀಲಿ, ಅರ್ಧ ಹಳದಿ.

ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ ಮೇಲಿಂದ ತೆಗೆದರೆ ನಿಮ್ಮ ಕೈಯ ನೆರಳು ಬೀಳುತ್ತದೆ. ಕಿಟಕಿ ಪಕ್ಕದಲ್ಲಿ ಇರುವ ಹಾಗೆ ಗೋಡೆಗೆ ನಿಲ್ಲಿಸಿ, ಫೋನನ್ನು ಚಿತ್ರದ ಮಧ್ಯಕ್ಕೆ ಸಮ ಎತ್ತರದಲ್ಲಿ ಹಿಡಿಯಿರಿ. ಹತ್ತಿರ ಹೋಗಬೇಡಿ. ಎರಡು ಹೆಜ್ಜೆ ಹಿಂದೆ ನಿಂತು 2ಎಕ್ಸ್ ಜೂಮ್ ಹಾಕಿದರೆ ಅಂಚು ಬಾಗುವುದಿಲ್ಲ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆ ಆನ್ ಮಾಡಿಕೊಂಡರೆ ಓರೆ ತಕ್ಷಣ ಗೊತ್ತಾಗುತ್ತದೆ.

ತಿದ್ದುವುದು ಎರಡೇ: ಬಿಳಿ ಅಂಚು ಬಿಳಿ ಕಾಣುವಷ್ಟು ಬೆಳಕು ಏರಿಸಿ, ಅಂಚು ಕತ್ತರಿಸಿ. ಬಣ್ಣ ಏರಿಸುವ ಸ್ಯಾಚುರೇಶನ್ ಮುಟ್ಟಬೇಡಿ. ನಾಳೆ ಯಾರಾದರೂ ಚಿತ್ರ ಕೊಂಡು, ಕೈಗೆ ಬಂದದ್ದು ಬೇರೆಯೇ ಇದೆ ಅಂದರೆ ಉತ್ತರ ಇರುವುದಿಲ್ಲ.

## ಹಂತ 7: ಹಾಕಿ, ಫೋನ್ ಕೆಳಗಿಡಿ

2025ರಿಂದ ಇನ್‌ಸ್ಟಾಗ್ರಾಂ ಪ್ರೊಫೈಲ್‌ನಲ್ಲಿ ಚಿತ್ರಗಳು ಚೌಕವಾಗಿ ಅಲ್ಲ, 3:4ರ ಅಳತೆಯಲ್ಲಿ ಉದ್ದಕ್ಕೆ ಕಾಣುತ್ತವೆ. ನಮ್ಮ 5.5×7.5 ತುಂಡು ಅದಕ್ಕೆ ತೀರಾ ಹತ್ತಿರ, ಕತ್ತರಿಸುವುದು ಏನೂ ಉಳಿಯುವುದಿಲ್ಲ. ವಾಟ್ಸಾಪ್ ಗುಂಪಿಗೆ ಕಳಿಸುವುದಾದರೆ ಎಚ್‌ಡಿ ಆರಿಸಿ ಕಳಿಸಿ. ಇಲ್ಲದಿದ್ದರೆ ತೆಳು ಬಣ್ಣದ ಆಕಾಶ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ಕ್ಯಾಪ್ಶನ್ ಕನ್ನಡದಲ್ಲೇ ಬರೆಯಿರಿ. ಎಷ್ಟನೇ ದಿನ, ಏನು ಬರೆದದ್ದು, ಎಲ್ಲಿ ಒದ್ದಾಡಿದ್ದು. ಮೂರೇ ಸಾಲು. "ನೆರಳು ಒಣಗುವ ಮುಂಚೆ ತೊಟ್ಟು ಮುಟ್ಟಿದೆ, ಹಸಿರು ನೇರಳೆ ಎರಡೂ ಸೇರಿಹೋಯಿತು" ಅಂತ ಬರೆದರೆ ಕೆಳಗೆ ಮಾತು ಶುರುವಾಗುತ್ತದೆ. "ಇದು ಚೆನ್ನಾಗಿಲ್ಲ, ಕ್ಷಮಿಸಿ" ಅಂತ ಬರೆದರೆ ಸುಮ್ನೆ ಸಮಾಧಾನ ಸಿಗುತ್ತದೆ ಅಷ್ಟೆ. ಹ್ಯಾಶ್‌ಟ್ಯಾಗ್ ಮೂರು ನಾಲ್ಕು ಸಾಕು, ಅದರಲ್ಲಿ ಒಂದು ಸವಾಲಿನದ್ದು. ಸಹಿ ಮೂಲೆಯಲ್ಲಿ ಚಿಕ್ಕದಾಗಿ. ಚಿತ್ರದ ನಡುವೆ ಅಡ್ಡ ವಾಟರ್‌ಮಾರ್ಕ್ ಹಾಕಿದರೆ ಕದಿಯುವವರೂ ನೋಡುವುದಿಲ್ಲ, ನೋಡುವವರೂ ನೋಡುವುದಿಲ್ಲ.

ಹಾಕಿದ ಮೇಲೆ ಅದೇ ಸವಾಲಿನ ಬೇರೆ ಮೂರು ಜನರ ಚಿತ್ರಕ್ಕೆ ನಿಜವಾದ ಒಂದು ಮಾತು ಬರೆಯಿರಿ. "ಸೂಪರ್" ಅಲ್ಲ. "ಹೆಂಚಿನ ಮೇಲಿನ ಪಾಚಿ ಯಾವ ಹಸಿರು?" ಅಂತ ಕೇಳಿ. ಗೆಳೆತನ ಹುಟ್ಟುವುದು ಹಾಗೆ. ಆಮೇಲೆ ಸಂಜೆವರೆಗೆ ಲೈಕ್ ಎಣಿಸಲು ಹೋಗಬೇಡಿ. ಒಂದು ಸ್ಪಷ್ಟ ಸೂಚನೆ ಹೇಳುತ್ತೇನೆ: ಇವತ್ತು ಏನು ಬರೆದರೆ ಜಾಸ್ತಿ ಲೈಕ್ ಬರುತ್ತದೆ ಅಂತ ಪಟ್ಟಿ ಬದಲಿಸಲು ಶುರು ಮಾಡಿದರೆ, ಇನ್ನು ಮೂರ್ನಾಲ್ಕು ದಿನದಲ್ಲಿ ಬಿಡುತ್ತೀರಿ.

## ಹಂತ 8: ತಪ್ಪಿದ ದಿನವನ್ನು ತಪ್ಪಿದ ಹಾಗೇ ಬಿಡಿ

ಜ್ವರ, ನೆಂಟರು, ಕರೆಂಟು. ದಿನ ತಪ್ಪಿಯೇ ತಪ್ಪುತ್ತದೆ. ಆಗ ಎಲ್ಲರೂ ಮಾಡುವುದು ಶನಿವಾರ ಒಟ್ಟಿಗೆ ಮೂರು ಬರೆದು ಸಾಲ ತೀರಿಸುವುದು. ಮೂರೂ ಕೆಡುತ್ತವೆ, ಭಾನುವಾರ ಬ್ರಶ್ ಕಂಡರೆ ಆಗುವುದಿಲ್ಲ. 9 ತಪ್ಪಿದರೆ 8 ಆದ ಮೇಲೆ 10 ಬರಲಿ. ಯಾರೂ ಲೆಕ್ಕ ಕೇಳುವುದಿಲ್ಲ. ಆದರೆ ಎರಡು ದಿನ ಸತತ ತಪ್ಪಿದರೆ ಮೂರನೇ ದಿನ ಪರೀಕ್ಷೆಯ ತುಂಡಿನ ಮೂಲೆಯಲ್ಲಾದರೂ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದು ನಿಂಬೆಹಣ್ಣು ಬರೆಯಿರಿ. ಅದನ್ನು ಹಾಕುವುದೂ ಬೇಡ.

## ಇನ್‌ಬಾಕ್ಸ್‌ಗೆ ಬರುವವರ ಬಗ್ಗೆ

ದಿನಾ ಚಿತ್ರ ಹಾಕುತ್ತಿದ್ದರೆ ಎರಡನೇ ವಾರಕ್ಕೆ ಅಪರಿಚಿತರ ಮೆಸೇಜ್ ಶುರು. "ನಿಮ್ಮ ಚಿತ್ರವನ್ನು ಎನ್‌ಎಫ್‌ಟಿಯಾಗಿ ದೊಡ್ಡ ಬೆಲೆಗೆ ಕೊಳ್ಳುತ್ತೇನೆ" ಅಂತ ಒಬ್ಬ (ಎನ್‌ಎಫ್‌ಟಿ ಅಂದರೆ ಚಿತ್ರದ ಡಿಜಿಟಲ್ ಒಡೆತನದ ಗುರುತು). ಆಮೇಲೆ ಒಂದು ವೆಬ್‌ಸೈಟಿಗೆ ಕರೆದೊಯ್ದು ನಿಮ್ಮಿಂದಲೇ ಶುಲ್ಕ ಕಟ್ಟಿಸುತ್ತಾನೆ. "ಹೆಂಡತಿಗೆ ಸರ್‌ಪ್ರೈಸ್ ಕೊಡಬೇಕು, ಚೆಕ್ ಕಳಿಸುತ್ತೇನೆ, ಮಿಕ್ಕಿದ್ದನ್ನು ಸಾಗಣೆಯವನಿಗೆ ಕೊಡಿ" ಅಂತ ಇನ್ನೊಬ್ಬ. ಆ ಚೆಕ್ ಪಾಸಾಗುವುದಿಲ್ಲ, ನೀವು ಕೊಟ್ಟ ಹಣ ಮಾತ್ರ ಹೋಗಿರುತ್ತದೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಯಾರಾದರೂ ಒತ್ತಿ ಅಂದರೆ ಅಲ್ಲಿಗೇ ಬ್ಲಾಕ್. ನಿಜವಾದ ಗಿರಾಕಿ ಚಿತ್ರದ ಅಳತೆ ಕೇಳುತ್ತಾನೆ, ಯಾವ ದಿನದ್ದು ಬೇಕು ಅಂತ ಹೇಳುತ್ತಾನೆ, ಚೌಕಾಸಿಯನ್ನೂ ಮಾಡುತ್ತಾನೆ.

## ಆಗಸ್ಟ್ 1ಕ್ಕೆ ಉಳಿಯುವ ಕೆಲಸ

ಕೊನೆಯ ಚಿತ್ರ ಹಾಕುವುದು ಆಗಸ್ಟ್ 1ರ ಬೆಳಿಗ್ಗೆ. ಅದಾದ ಮೇಲೆ ಎಲ್ಲವನ್ನೂ ಚಾಪೆ ಮೇಲೆ ತಾರೀಕಿನ ಪ್ರಕಾರ ಹರಡಿ ನೋಡಿ. ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ತಾರೀಕು, ಬಳಸಿದ ಬಣ್ಣ ಬರೆಯಿರಿ. ಪೆನ್ ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ. ಇಷ್ಟವಾದ ನಾಲ್ಕೈದನ್ನು ಕನಿಷ್ಠ 300 ಡಿಪಿಐಗೆ (ಒಂದು ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಅಳತೆ) ಸ್ಕ್ಯಾನ್ ಮಾಡಿಸಿ, ಮುಂದೆ ಕಾರ್ಡೋ ಪ್ರಿಂಟೋ ಮಾಡಿಸಲು ಫೋನಿನ ಫೋಟೋ ಸಾಲುವುದಿಲ್ಲ. ಒಂದೊಂದರ ನಡುವೆ ಬಟರ್ ಪೇಪರ್ ಇಟ್ಟು, ಅದೇ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕವರಿಗೆ ಹಾಕಿ. ತೀರಾ ಕೆಟ್ಟವನ್ನು ಎಸೆಯಬೇಡಿ, ಹಿಂಬದಿ ಖಾಲಿ ಇರುತ್ತದೆ, ಮುಂದಿನ ವರ್ಷ ಬಣ್ಣ ಪರೀಕ್ಷೆಗೆ ಆಗುತ್ತದೆ.